"ನಿನ್ನೆ ಮತ್ತೆ ತಗೊಂಡೆ" ಅಂತ ಡ್ರಗ್ಸ್ ಚಟ ಇರುವ ಎಚ್‌ಐವಿ ರೋಗಿ ಹೇಳಿದರೆ ನರ್ಸ್ ಏನು ಮಾಡಬೇಕು?

ಒಬ್ಬ ರೋಗಿ ಇದ್ದಾನೆ ಅಂದುಕೊಳ್ಳಿ. ಮೊದಲು ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದ. ಈಗ ದಿನಾ ಬೆಳಿಗ್ಗೆ ಸೆಂಟರಿಗೆ ಬಂದು, ಹೆರಾಯಿನ್ ಬದಲಿಗೆ ಚಿಕಿತ್ಸೆಯಾಗಿ ಕೊಡುವ ಮೆಥಡೋನ್ ಸಿರಪ್ಪನ್ನು ನರ್ಸ್ ಎದುರಿಗೇ ಕುಡಿದು ಕೆಲಸಕ್ಕೆ ಹೋಗುತ್ತಾನೆ. ಮೈ ಹಿಡಿತಕ್ಕೆ ಬಂದಿದೆ. ಅಷ್ಟರಲ್ಲಿ ಎಚ್‌ಐವಿ ಇರುವುದು ಗೊತ್ತಾಗಿ ಅದಕ್ಕೂ ಮಾತ್ರೆ ಶುರುವಾಯಿತು. ಒಂದು ವಾರ, ಹತ್ತು ದಿನ ಕಳೆಯಿತು. ಮೂಗು ಸೋರಲು ಶುರು. ಮೈಕೈ ನೋವು, ಆಕಳಿಕೆ ಮೇಲೆ ಆಕಳಿಕೆ, ರಾತ್ರಿಯೆಲ್ಲಾ ನಿದ್ದೆ ಇಲ್ಲ. "ಸಿಸ್ಟರ್, ಸಿರಪ್ ಸಾಲ್ತಿಲ್ಲ, ಸ್ವಲ್ಪ ಜಾಸ್ತಿ ಮಾಡಿಸಿ" ಅಂತಾನೆ.

ತರಬೇತಿ ಇಲ್ಲದ ನರ್ಸ್‌ಗೆ ಇದು ಹಳೇ ಆಟದ ಹಾಗೆ ಕಾಣುತ್ತದೆ. ಚಟದವನು ಜಾಸ್ತಿ ಕೇಳ್ತಿದಾನೆ, ಕೊಡಬಾರದು, ಅಷ್ಟೇ. ತರಬೇತಿ ಆದವಳು ಕೇಳುವ ಪ್ರಶ್ನೆಯೇ ಬೇರೆ: "ಎಚ್‌ಐವಿಗೆ ನಿಮಗೆ ಯಾವ ಮಾತ್ರೆ ಕೊಟ್ಟಿದಾರೆ? ತೋರಿಸಿ."

ಯಾಕೆಂದರೆ ಅವನು ಹೇಳುತ್ತಿರುವುದು ನಿಜ ಇರಬಹುದು. ಎಫಾವಿರೆಂಜ್ ಅನ್ನೋ ಎಚ್‌ಐವಿ ಔಷಧಿ ಲಿವರ್‌ನ ಕೆಲವು ಕಿಣ್ವಗಳನ್ನು ಚುರುಕು ಮಾಡುತ್ತದೆ. ಆಗ ಲಿವರ್ ಮೆಥಡೋನನ್ನು ಬೇಗ ಬೇಗ ಒಡೆದು ಹೊರಗೆ ಹಾಕುತ್ತದೆ. ಕುಡಿಯುವ ಡೋಸ್ ಅಷ್ಟೇ ಇದ್ದರೂ ರಕ್ತದಲ್ಲಿ ಉಳಿಯುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಬಹುದು. ಅಂದರೆ ಅವನಿಗೆ ನಿಜವಾಗಿಯೂ ವಿಡ್ರಾವಲ್, ಅಂದರೆ ಅಭ್ಯಾಸವಾದ ಡ್ರಗ್ ಸಾಲದೆ ಮೈ ಪಡುವ ಸಂಕಟ, ಬಂದಿದೆ. ಅದನ್ನು ಯಾರೂ ನಂಬದಿದ್ದರೆ ಅವನ ಮುಂದೆ ಎರಡೇ ದಾರಿ. ಎಚ್‌ಐವಿ ಮಾತ್ರೆ ನಿಲ್ಲಿಸುವುದು, ಇಲ್ಲವೇ ಮತ್ತೆ ಹೆರಾಯಿನ್ ಹುಡುಕಿಕೊಂಡು ಹೋಗುವುದು. ಎರಡೂ ಆಗುತ್ತದೆ, ಆಗಿದೆ.

ಭಾರತದಲ್ಲಿ ಈಗ ಎಚ್‌ಐವಿಗೆ ಮೊದಲು ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ಡೊಲುಟೆಗ್ರಾವಿರ್‌ಗೆ ಮೆಥಡೋನ್ ಜೊತೆ ಈ ಜಗಳ ಇಲ್ಲ. ಹಾಗಾದರೆ ಸಮಸ್ಯೆ ಮುಗೀತಾ? ಇಲ್ಲ. ಎಚ್‌ಐವಿ ಇರುವವರಿಗೆ ಕ್ಷಯ ಬರುವುದು ಸಾಮಾನ್ಯ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾಡುವುದೂ ಇದೇ ಕೆಲಸವನ್ನ. ಅದು ಮೆಥಡೋನನ್ನೂ ಇಳಿಸುತ್ತದೆ, ಅದರ ಹಾಗೇ ಹೆರಾಯಿನ್ ಬದಲಿಗೆ ಕೊಡುವ ಬುಪ್ರೆನಾರ್ಫಿನ್ನನ್ನೂ ಇಳಿಸುತ್ತದೆ, ಡೊಲುಟೆಗ್ರಾವಿರ್‌ನನ್ನೂ ಬಿಡುವುದಿಲ್ಲ. ಅದಕ್ಕೇ ರಿಫಾಂಪಿಸಿನ್ ನಡೆಯುತ್ತಿರುವಷ್ಟು ದಿನ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ದಿನಕ್ಕೆ ಒಂದು ಸಲದ ಬದಲು ಎರಡು ಸಲ ಕೊಡಬೇಕು. ಒಬ್ಬನೇ ಮನುಷ್ಯ, ಮೂರು ಕಾಯಿಲೆ, ಮೂರು ಕೌಂಟರ್. ಒಂದು ಕೌಂಟರಿನವರಿಗೆ ಇನ್ನೊಂದು ಕೌಂಟರಿನಲ್ಲಿ ಏನು ಕೊಟ್ಟರು ಅನ್ನೋದು ಗೊತ್ತಾಗುವುದು ಹೆಚ್ಚಾಗಿ ರೋಗಿಯ ಬಾಯಿಂದಲೇ.

ಡ್ರಗ್ಸ್ ಬಳಸುವ ಎಚ್‌ಐವಿ ರೋಗಿಗಳ ಆರೈಕೆಗೆ ಆರೋಗ್ಯ ಸಿಬ್ಬಂದಿಯನ್ನು ತಯಾರು ಮಾಡುವುದು ಅಂದರೆ ಸ್ಲೈಡ್ ತೋರಿಸಿ ಔಷಧಿಗಳ ಹೆಸರು ಬಾಯಿಪಾಠ ಮಾಡಿಸುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದೂ ಬೇಕು. ಆದರೆ ನಿಜವಾಗಿ ಕಲಿಸಬೇಕಾದ್ದು, ರೋಗಿ ಹೆದರದೆ ನಿಜ ಹೇಳುವ ಹಾಗೆ ಕೂರುವುದನ್ನ, ಕೇಳುವುದನ್ನ. ಮಾತ್ರೆ ತಪ್ಪಿದ್ದು, ನಿನ್ನೆ ಚುಚ್ಚಿಕೊಂಡಿದ್ದು, ಸೂಜಿ ಹಂಚಿಕೊಂಡಿದ್ದು, ಮೆಡಿಕಲ್ ಶಾಪಿಂದ ನಿದ್ದೆ ಮಾತ್ರೆ ತಂದಿದ್ದು, ಇವು ಗೊತ್ತಿಲ್ಲದೆ ಡೋಸ್ ಲೆಕ್ಕ ಹಾಕೋದಾದರೂ ಹೇಗೆ?

ಇಂಫಾಲದಿಂದ ಶುರುವಾದ ಪಾಠ

ಈ ಪಾಠವನ್ನು ನಮ್ಮ ದೇಶ ಕಲಿತದ್ದು ಮಣಿಪುರದಲ್ಲಿ. ಬರ್ಮಾ ಗಡಿ ದಾಟಿ 'ನಂಬರ್ ಫೋರ್' ಅನ್ನೋ ಹೆರಾಯಿನ್ ಅಲ್ಲಿಗೆ ಧಾರಾಳವಾಗಿ ಬರುತ್ತಿತ್ತು. 1989ರಲ್ಲಿ ಚುಚ್ಚಿಕೊಳ್ಳುವವರ ರಕ್ತ ಪರೀಕ್ಷೆ ಮಾಡಿದಾಗ ಎಚ್‌ಐವಿ ಹೆಚ್ಚುಕಡಿಮೆ ಇರಲೇ ಇಲ್ಲ. ಸುಮಾರು ಆರು ತಿಂಗಳಲ್ಲಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಜನರಿಗೆ ಸೋಂಕು ಇತ್ತು. ಒಂದೇ ಸಿರಿಂಜ್ ಕೈಯಿಂದ ಕೈಗೆ ಹೋದರೆ ವೈರಸ್ ಎಷ್ಟು ಬೇಗ ಓಡುತ್ತದೆ ಅಂತ ಅಲ್ಲಿ ಕಂಡಿತು. ಮೊದಲು ಜನ ಮಾಡಿದ್ದು ಏನು ಅಂದರೆ ಬೈಯುವುದು, ಹೊಡೆಯುವುದು, ಜೈಲಿಗೆ ಹಾಕುವುದು. 1996ರಲ್ಲಿ ಮಣಿಪುರ ಸರ್ಕಾರ ತನ್ನದೇ ಏಡ್ಸ್ ನೀತಿ ಮಾಡಿ, ಹೊಸ ಸೂಜಿ ಕೊಟ್ಟು ಹಾನಿ ಕಡಿಮೆ ಮಾಡುವ ದಾರಿಯನ್ನು ಒಪ್ಪಿಕೊಂಡಿತು.

ಆಮೇಲೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, 2007ರ ಹೊತ್ತಿಗೆ ಬುಪ್ರೆನಾರ್ಫಿನ್ ಚಿಕಿತ್ಸೆಯನ್ನು ತನ್ನ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿತು. ಈಗ ದೇಶದಲ್ಲಿ ಇಂಥ 200ಕ್ಕೂ ಹೆಚ್ಚು ಕೇಂದ್ರಗಳಿವೆ. ಆದರೂ ಸಮಸ್ಯೆ ಸಣ್ಣದಾಗಿಲ್ಲ. ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ 0.2ರ ಆಸುಪಾಸು. 2021ರ ಸರ್ವೇಕ್ಷಣೆಯಲ್ಲಿ ಚುಚ್ಚಿಕೊಳ್ಳುವವರಲ್ಲಿ ಅದು ಶೇ 9ರಷ್ಟಿತ್ತು. ದೇಶದಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಅಂತ 2019ರಲ್ಲಿ ಹೊರಬಂದ ಸರ್ಕಾರಿ ಸಮೀಕ್ಷೆಯ ಅಂದಾಜು.

ಕರ್ನಾಟಕದ ಕಥೆ ಬೇರೆ. ಇಲ್ಲಿ ಎಚ್‌ಐವಿ ಹರಡಿದ್ದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ಹಾಗಾಗಿ ನಮ್ಮ ಎಆರ್‌ಟಿ ಕೇಂದ್ರಗಳ, ಅಂದರೆ ಎಚ್‌ಐವಿ ಔಷಧಿ ಕೊಡುವ ಕೇಂದ್ರಗಳ, ಕೌನ್ಸೆಲರ್‌ಗಳು ಕಾಂಡೋಮ್ ಬಗ್ಗೆ, ಗಂಡ ಹೆಂಡತಿ ಇಬ್ಬರ ಪರೀಕ್ಷೆ ಬಗ್ಗೆ ನಿರರ್ಗಳವಾಗಿ ಮಾತಾಡುತ್ತಾರೆ. ಚುಚ್ಚಿಕೊಳ್ಳುವ ರೋಗಿ ಬಂದರೆ ಅವರಿಗೂ ಮುಜುಗರ, ಅವನಿಗೂ ಮುಜುಗರ. ಟಪೆಂಟಡಾಲ್ ಅನ್ನೋ ನೋವಿನ ಮಾತ್ರೆಯ ಚಟಕ್ಕೆ ಬಿದ್ದವರನ್ನು ನಿಮ್ಹಾನ್ಸ್ ವೈದ್ಯರು ಕೆಲವು ವರ್ಷಗಳಿಂದ ನೋಡುತ್ತಿದ್ದಾರೆ. ಅದನ್ನು ಪುಡಿ ಮಾಡಿ ಕರಗಿಸಿ ಚುಚ್ಚಿಕೊಳ್ಳುವ ಹುಡುಗರ ಸುದ್ದಿ ಪೇಪರಿನಲ್ಲೂ ಬರುತ್ತಿದೆ. ಇಂಫಾಲದ ಪಾಠ ನಮಗೆ ಯಾಕೆ ಅಂತ ಸುಮ್ನೆ ಕೂರುವ ಕಾಲ ಅಲ್ಲ ಇದು.

ಟವೆಲ್ ಹಾಕಿದ ಸೀಟು

ಬುಪ್ರೆನಾರ್ಫಿನ್ ಏನು ಅಂತ ಸಿಬ್ಬಂದಿಗೆ ಸರಿಯಾಗಿ ಅರ್ಥವಾಗದಿದ್ದರೆ ಮುಂದಿನದೆಲ್ಲಾ ದಂಡ. "ಒಂದು ಡ್ರಗ್ ಬಿಡಿಸಿ ಇನ್ನೊಂದು ಡ್ರಗ್ ಕೊಡ್ತಿದೀವಿ, ಅಷ್ಟೇ ಅಲ್ವಾ?" ಅನ್ನೋ ಮಾತು ಆರೋಗ್ಯ ಸಿಬ್ಬಂದಿಯಿಂದಲೇ ಬರುತ್ತದೆ.

ಮೆದುಳಿನಲ್ಲಿ ಹೆರಾಯಿನ್ ಹೋಗಿ ಕೂರುವ ಜಾಗಗಳಿವೆ. ಬುಪ್ರೆನಾರ್ಫಿನ್ ಆ ಜಾಗಗಳಲ್ಲಿ, ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ, ಗಟ್ಟಿಯಾಗಿ ಜಾಗ ಹಿಡಿದುಬಿಡುತ್ತದೆ. ಆಮೇಲೆ ಹೆರಾಯಿನ್ ಬಂದರೂ ಕೂರಲು ಸೀಟಿಲ್ಲ. ಆದರೆ ಜಾಗ ಹಿಡಿದ ಬುಪ್ರೆನಾರ್ಫಿನ್ ಹೆರಾಯಿನ್‌ನಷ್ಟು ಮತ್ತು ಬರಿಸುವುದಿಲ್ಲ. ಅದರ ಪರಿಣಾಮ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ವಿಡ್ರಾವಲ್ ಬಾರದ ಹಾಗೆ ನೋಡಿಕೊಳ್ಳುತ್ತದೆ, ಮನುಷ್ಯ ಎದ್ದು ಕೆಲಸಕ್ಕೆ ಹೋಗಬಹುದು.

ಇದರಲ್ಲೇ ಒಂದು ಅಪಾಯವೂ ಇದೆ. ಹೆರಾಯಿನ್ ಈಗಾಗಲೇ ಕೂತಿರುವಾಗ ಬುಪ್ರೆನಾರ್ಫಿನ್ ಕೊಟ್ಟರೆ ಅದು ಕೂತವನನ್ನು ಎಬ್ಬಿಸಿ ಓಡಿಸುತ್ತದೆ. ರೋಗಿಗೆ ಒಮ್ಮೆಲೇ ಭಯಂಕರ ವಿಡ್ರಾವಲ್ ಬರುತ್ತದೆ. ವಾಂತಿ, ಬೆವರು, ಹೊಟ್ಟೆ ಕಿವುಚುವುದು. ಆಮೇಲೆ ಅವನು ಆ ಸೆಂಟರ್ ಕಡೆ ತಲೆ ಹಾಕಿ ಮಲಗುವುದಿಲ್ಲ. ಅದಕ್ಕೇ ಮೊದಲ ಡೋಸ್ ಕೊಡುವ ಮುಂಚೆ ವಿಡ್ರಾವಲ್ ಶುರುವಾಗಿದೆಯಾ ಅಂತ ಕಣ್ಣಿಂದ ನೋಡುವುದನ್ನು ಕಲಿಸುತ್ತಾರೆ. ಕಣ್ಣಿನ ಪಾಪೆ ಅಗಲವಾಗಿದೆಯಾ, ಆಕಳಿಕೆ ಬರುತ್ತಿದೆಯಾ, ತೋಳಿನ ಮೇಲೆ ರೋಮ ನಿಮಿರಿದೆಯಾ, ಒಂದೆಡೆ ಕೂರಲಾಗದೆ ಚಡಪಡಿಸುತ್ತಿದ್ದಾನಾ? ಇಲ್ಲೂ ನೋಡಿ, "ಕೊನೇ ಸಲ ತಗೊಂಡದ್ದು ಯಾವಾಗ?" ಅನ್ನೋ ಪ್ರಶ್ನೆಗೆ ನಿಜವಾದ ಉತ್ತರ ಬೇಕು. ಬೈಗುಳದ ಭಯ ಇದ್ದರೆ "ಮೂರು ದಿನ ಆಯ್ತು ಸಾರ್" ಅಂತಾನೆ. ಬೆಳಿಗ್ಗೆಯೇ ತಗೊಂಡು ಬಂದಿರುತ್ತಾನೆ.

ಮಾತ್ರೆಯನ್ನು ನಾಲಗೆ ಕೆಳಗೆ ಇಟ್ಟುಕೊಳ್ಳಬೇಕು. ಕರಗಲು ಐದು ಹತ್ತು ನಿಮಿಷ ಬೇಕು. ನುಂಗಿಬಿಟ್ಟರೆ ಹೆಚ್ಚು ಪ್ರಯೋಜನ ಇಲ್ಲ. ಆ ಹತ್ತು ನಿಮಿಷ ನರ್ಸ್ ಎದುರಿಗೆ ಕೂತಿರುತ್ತಾನಲ್ಲ, ಅದು ಚಿನ್ನದಂಥ ಸಮಯ. ಎಚ್‌ಐವಿ ಮಾತ್ರೆಯನ್ನೂ ಅದೇ ಹೊತ್ತಿಗೆ ತಗೊಳ್ಳುವ ಹಾಗೆ ಮಾಡಿದರೆ ಎರಡು ಕೆಲಸ ಒಂದೇ ಸಲಕ್ಕೆ ಆಗುತ್ತದೆ. 2020ರ ಕೋವಿಡ್ ಹೊತ್ತಿನಲ್ಲಿ ಕೆಲವು ದಿನಗಳ ಡೋಸನ್ನು ಮನೆಗೇ ಕೊಡಲು ನ್ಯಾಕೋ ಅನುಮತಿ ಕೊಟ್ಟಿತು. ಕೂಲಿ ಕೆಲಸದವನು ದಿನಾ ಸೆಂಟರಿಗೆ ಬಂದು ನಿಲ್ಲುವುದು ಎಷ್ಟು ಕಷ್ಟ ಅಂತ ಯೋಚಿಸಿದರೆ ಇದು ಮೊದಲೇ ಬರಬೇಕಿತ್ತು ಅನಿಸುತ್ತದೆ.

ಪ್ರಶ್ನೆ ಕೇಳುವ ಬಗೆ

"ಮಾತ್ರೆ ಸರಿಯಾಗಿ ತಗೋತಿದೀರ ತಾನೇ?" ಈ ಪ್ರಶ್ನೆಗೆ "ಹೂಂ" ಬಿಟ್ಟು ಬೇರೆ ಉತ್ತರ ಸಿಗುವುದಿಲ್ಲ. ಉತ್ತರ ಪ್ರಶ್ನೆಯಲ್ಲೇ ಇದೆ. ತರಬೇತಿಯಲ್ಲಿ ಇದನ್ನು ಬದಲಾಯಿಸಿ ಕೇಳುವುದನ್ನು ಜೋಡಿ ಜೋಡಿಯಾಗಿ ಕೂರಿಸಿ ಅಭ್ಯಾಸ ಮಾಡಿಸುತ್ತಾರೆ. ಒಬ್ಬರು ರೋಗಿ, ಇನ್ನೊಬ್ಬರು ಕೌನ್ಸೆಲರ್.

"ದಿನಾ ಮಾತ್ರೆ ನೆನಪಿಟ್ಟು ತಗೊಳ್ಳೋದು ತುಂಬಾ ಜನಕ್ಕೆ ಕಷ್ಟ ಆಗುತ್ತೆ. ಹೋದ ವಾರ ನಿಮಗೆ ಎಷ್ಟು ದಿನ ತಪ್ಪಿರಬಹುದು?"

"ಒಂದೆರಡು ದಿನ."

"ಆ ದಿನ ಏನಾಗಿತ್ತು?"

"ಶನಿವಾರ ಬಟವಾಡೆ ಆಯ್ತು. ಫ್ರೆಂಡ್ಸ್ ಸಿಕ್ಕಿದ್ರು. ತಗೊಂಡೆ. ಅದರ ಮೇಲೆ ಈ ಮಾತ್ರೆ ತಗೊಂಡ್ರೆ ವಿಷ ಆಗುತ್ತೆ ಅಂತ ಬಿಟ್ಟೆ."

ಈ ಕೊನೇ ಸಾಲು ಬಾಯಿಂದ ಹೊರಗೆ ಬಂದಿದ್ದೇ ದೊಡ್ಡದು. ಕುಡಿದ ದಿನ, ಡ್ರಗ್ಸ್ ತಗೊಂಡ ದಿನ ಎಚ್‌ಐವಿ ಮಾತ್ರೆ ತಗೊಂಡರೆ ಅಪಾಯ ಅನ್ನೋ ನಂಬಿಕೆ ಪ್ರಪಂಚದ ಎಲ್ಲಾ ಕಡೆ ಇದೆ. ಆ ನಂಬಿಕೆಯಿಂದಲೇ ಮಾತ್ರೆ ಬಿಡುವವರಿದ್ದಾರೆ. ಇಲ್ಲಿ ಕೌನ್ಸೆಲರ್ ಹೇಳಬೇಕಾದ ಮಾತು ಸರಳ: "ತಗೊಂಡ ದಿನವೂ ಎಚ್‌ಐವಿ ಮಾತ್ರೆ ಬಿಡಬೇಡಿ." ಆದರೆ "ಡ್ರಗ್ಸ್ ಮುಟ್ಟಲೇಬೇಡ" ಅಂತ ಗದರುವವರ ಬಾಯಲ್ಲಿ ಈ ಮಾತು ಬರುವುದೇ ಇಲ್ಲ. ಬಂದರೆ ಡ್ರಗ್ಸ್‌ಗೆ ಒಪ್ಪಿಗೆ ಕೊಟ್ಟ ಹಾಗಾಯಿತಲ್ಲ ಅಂತ ಹಿಂಜರಿಕೆ.

ಈ ಬಗೆಯ ಮಾತುಕತೆಗೆ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಅಂತ ಹೆಸರಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಸಮಸ್ಯೆ ಇರುವವರ ಜೊತೆಗಿನ ಕೆಲಸದಿಂದ ಇದರ ಬಗ್ಗೆ ಮೊದಲು ಬರೆದರು. ಇದರ ತಿರುಳು ಏನು ಅಂದರೆ, ಬದಲಾಗಬೇಕಾದ ಕಾರಣವನ್ನು ರೋಗಿಯೇ ಹೇಳುವ ಹಾಗೆ ಮಾಡುವುದು. ನಾವು ಹೇಳಿದಷ್ಟೂ ಅವನು ಎದುರು ವಾದ ಹೂಡುತ್ತಾನೆ. ಬುದ್ಧಿ ಹೇಳುವುದು ನಮ್ಮ ರಕ್ತದಲ್ಲೇ ಇದೆ, ಹಾಗಾಗಿ ಇದನ್ನು ರೂಢಿಸಿಕೊಳ್ಳುವುದಕ್ಕೆ ಒಂದು ದಿನದ ತರಬೇತಿ ಏನೂ ಸಾಲದು.

ಇನ್ನೊಂದು ಹಳೇ ತಪ್ಪು: "ಮೊದಲು ಡ್ರಗ್ಸ್ ಬಿಡು, ಆಮೇಲೆ ಎಚ್‌ಐವಿ ಔಷಧಿ ಕೊಡ್ತೀವಿ." ಡ್ರಗ್ಸ್ ಬಳಸುವುದು ಎಆರ್‌ಟಿ ತಡೆಹಿಡಿಯಲು ಕಾರಣ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಭಾರತದಲ್ಲೂ 2017ರಿಂದ, ಎಚ್‌ಐವಿ ಇರುವುದು ಗೊತ್ತಾದ ಯಾರಿಗೇ ಆದರೂ ಚಿಕಿತ್ಸೆ ಶುರು ಮಾಡುವುದು ನಿಯಮ. ನಿಯಮ ಕಾಗದದಲ್ಲಿ ಬದಲಾದಷ್ಟು ಬೇಗ ಕುರ್ಚಿಯಲ್ಲಿ ಕೂತವರ ಮನಸ್ಸು ಬದಲಾಗಿಲ್ಲ ಅನ್ನೋದು ಬೇರೆ ಮಾತು.

ಸೂಜಿ, ನರ, ಉಸಿರು

ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ಪರೀಕ್ಷೆಗೆ ರಕ್ತ ತೆಗೆಯಬೇಕು. ವರ್ಷಗಟ್ಟಲೆ ಚುಚ್ಚಿಕೊಂಡವನ ತೋಳಿನಲ್ಲಿ ನರ ಸಿಗುವುದಿಲ್ಲ, ಗಟ್ಟಿಯಾಗಿ ಮುಚ್ಚಿಹೋಗಿರುತ್ತವೆ. ನರ್ಸ್ ನಾಲ್ಕು ಕಡೆ ಚುಚ್ಚುತ್ತಾಳೆ, ಹಿಂದೆ ಕ್ಯೂ ಬೆಳೆಯುತ್ತದೆ, ಬಾಯಿಂದ "ಎಲ್ಲಾ ಹಾಳು ಮಾಡ್ಕೊಂಡಿದೀಯ" ಅಂತ ಬಂದೇಬಿಡುತ್ತದೆ. ಅವನು ಮುಂದಿನ ಸಲ ಪರೀಕ್ಷೆಗೆ ಬರುವುದಿಲ್ಲ. ತರಬೇತಿಯಲ್ಲಿ ಹೇಳಿಕೊಡುವುದು ತುಂಬಾ ಸಣ್ಣ ವಿಷಯ. ಅವನನ್ನೇ ಕೇಳಿ, ಯಾವ ನರ ಇನ್ನೂ ಚೆನ್ನಾಗಿದೆ ಅಂತ. ಅವನಿಗೆ ತನ್ನ ಕೈ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಕೈಯನ್ನು ಬೆಚ್ಚಗೆ ಮಾಡಿ, ಸಣ್ಣ ಬಟರ್‌ಫ್ಲೈ ಸೂಜಿ ಬಳಸಿ. ಕೀವು ಕಟ್ಟಿದ ಗಾಯ ಇದ್ದರೆ ಅಲ್ಲೇ ಡ್ರೆಸ್ಸಿಂಗ್ ಮಾಡಿ. ಎಷ್ಟೋ ಜನ ಎಚ್‌ಐವಿಗಾಗಿ ಬರುವುದಿಲ್ಲ, ಈ ಗಾಯದ ನೋವಿಗೆ ಬರುತ್ತಾರೆ. ಇವರಿಗೆ ಬಿಡದೆ ಜ್ವರ ಬಂದರೆ ಹೃದಯದ ಕವಾಟಕ್ಕೆ ಸೋಂಕು ತಗುಲಿರಬಹುದು ಅಂತ ಅನುಮಾನ ಪಡುವುದನ್ನೂ ಕಲಿಯಬೇಕು.

ಓವರ್‌ಡೋಸ್ ವಿಷಯಕ್ಕೆ ಬರೋಣ. ಜೈಲಿಂದ, ರಿಹ್ಯಾಬ್‌ನಿಂದ ಹೊರಗೆ ಬಂದ ಮೊದಲ ದಿನಗಳೇ ಅತಿ ಅಪಾಯದ ದಿನಗಳು. ಮೈ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ, ಕೈ ಮಾತ್ರ ಹಳೇ ಅಳತೆಯನ್ನೇ ತೆಗೆದುಕೊಳ್ಳುತ್ತದೆ. ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿ, ತುಟಿ ನೀಲಿಗಟ್ಟಿ, ಉಸಿರು ನಿಮಿಷಕ್ಕೆ ನಾಲ್ಕೈದಕ್ಕೆ ಇಳಿದರೆ ನಲಾಕ್ಸೋನ್ ಇಂಜೆಕ್ಷನ್ ಜೀವ ಉಳಿಸುತ್ತದೆ. ಆದರೆ ಅದರ ಪರಿಣಾಮ ಮುಕ್ಕಾಲು ಗಂಟೆ, ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಮೆಥಡೋನ್‌ನಂಥದ್ದು ಅದಕ್ಕಿಂತ ತುಂಬಾ ಹೊತ್ತು ಮೈಯಲ್ಲಿರುತ್ತದೆ. ಎದ್ದು ಕೂತನಲ್ಲಾ ಅಂತ ಕಳಿಸಿಬಿಟ್ಟರೆ ದಾರಿಯಲ್ಲಿ ಮತ್ತೆ ಉಸಿರು ನಿಲ್ಲಬಹುದು. ಈಶಾನ್ಯದ ಕಡೆ ಗೆಳೆಯರು ಗಾಬರಿಯಲ್ಲಿ ಉಪ್ಪುನೀರು ಚುಚ್ಚುವ ರೂಢಿ ಇದೆ. ಅದರಿಂದ ಏನೂ ಪ್ರಯೋಜನ ಇಲ್ಲ, ಅಮೂಲ್ಯವಾದ ನಿಮಿಷಗಳು ಹೋಗುತ್ತವೆ.

ಲಿವರ್‌ಗೆ ತಗುಲುವ ವೈರಸ್ ಸೋಂಕು ಹೆಪಟೈಟಿಸ್ ಸಿ ಕೂಡ ಇದೇ ಸೂಜಿಯಿಂದ ಬರುತ್ತದೆ. 2018ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದಕ್ಕೆ ಉಚಿತ ಮಾತ್ರೆ ಸಿಗುತ್ತದೆ. ಹೆಚ್ಚಿನವರಿಗೆ 12 ವಾರ ಸಾಕು, ವಾಸಿಯೂ ಆಗುತ್ತದೆ. ಕೇಳಿ ಪರೀಕ್ಷೆ ಮಾಡಿಸಿದರೆ ಮಾತ್ರ.

ಒಂದು ಸೂಕ್ಷ್ಮ ಮಾತು. ವೈರಲ್ ಲೋಡ್ ಪತ್ತೆಯಾಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಎಚ್‌ಐವಿ ಹರಡುವುದಿಲ್ಲ ಅನ್ನೋದು ಗಟ್ಟಿಯಾಗಿ ಸಾಬೀತಾಗಿದೆ. ಸೂಜಿ ಹಂಚಿಕೊಳ್ಳುವ ವಿಷಯದಲ್ಲಿ ಅಷ್ಟು ಗಟ್ಟಿಯಾದ ಪುರಾವೆ ಇಲ್ಲ. ಕೌನ್ಸೆಲರ್ ಮೊದಲನೆಯದನ್ನು ಹೇಳಿ ಸುಮ್ಮನಾದರೆ ರೋಗಿ ಎರಡನೆಯದನ್ನು ತಾನೇ ಊಹಿಸಿಕೊಳ್ಳುತ್ತಾನೆ.

ಪೊಲೀಸ್ ಬಂದರೆ?

ತರಬೇತಿಗೆ ಬಂದವರು ಪಿಸುಮಾತಿನಲ್ಲಿ ಕೇಳುವ ಪ್ರಶ್ನೆ ಇದು. ಸೂಜಿ ಕೊಟ್ಟರೆ ನಾವೇ ಸಿಕ್ಕಿಹಾಕಿಕೊಳ್ಳುತ್ತೇವಾ? 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯಿದೆ ಪ್ರಕಾರ ಡ್ರಗ್ಸ್ ಸೇವನೆಯೇ ಅಪರಾಧ, ಹಾಗಾಗಿ ಈ ಭಯ ಸಹಜ. ಆದರೆ ಅದೇ ಕಾಯಿದೆಯ 64ಎ ಸೆಕ್ಷನ್, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಕೆಲವು ಷರತ್ತುಗಳ ಮೇಲೆ ರಕ್ಷಣೆ ಕೊಡುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಏಡ್ಸ್ ಕಾಯಿದೆಯ 22ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೋಂಕಿನ ಅಪಾಯ ಕಡಿಮೆ ಮಾಡಲು ನಡೆಸುವ ಇಂಥ ಕೆಲಸ ಅಪರಾಧ ಅಲ್ಲ ಅನ್ನುತ್ತದೆ. ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸುವುದನ್ನೂ, ರೋಗಿಯ ಒಪ್ಪಿಗೆ ಇಲ್ಲದೆ ಅವನ ಸ್ಥಿತಿಯನ್ನು ಹೊರಗೆ ಹೇಳುವುದನ್ನೂ ಅದೇ ಕಾಯಿದೆ ತಡೆಯುತ್ತದೆ. ಈ ಸೆಕ್ಷನ್‌ಗಳನ್ನು ನರ್ಸ್ ಮಾತ್ರ ಅಲ್ಲ, ಹತ್ತಿರದ ಸ್ಟೇಷನ್ನಿನ ಸಬ್ ಇನ್‌ಸ್ಪೆಕ್ಟರೂ ಓದಿರಬೇಕು. ಒಳಗೆ ಎಷ್ಟೇ ನಯವಾಗಿ ಮಾತಾಡಿದರೂ ಗೇಟಿನ ಹೊರಗೆ ಪೊಲೀಸ್ ನಿಂತಿದ್ದರೆ ಯಾರು ತಾನೇ ಒಳಗೆ ಬರ್ತಾರೆ?

ಕಲಿಸಿದರೆ ಉಪಯೋಗ ಆಗುತ್ತಾ?

ಆಗುತ್ತದೆ ಅನ್ನೋದಕ್ಕೆ ಒಳ್ಳೆಯ ಪುರಾವೆ ಉಕ್ರೇನ್, ಇಂಡೊನೇಷ್ಯಾ ಮತ್ತು ವಿಯೆಟ್ನಾಂನಲ್ಲಿ ನಡೆದ ಎಚ್‌ಪಿಟಿಎನ್ 074 ಅನ್ನೋ ಅಧ್ಯಯನ. ಎಚ್‌ಐವಿ ಇದ್ದು ಡ್ರಗ್ಸ್ ಚುಚ್ಚಿಕೊಳ್ಳುವ 502 ಜನರಲ್ಲಿ ಕೆಲವರಿಗೆ ಮಾಮೂಲಿ ಸೇವೆ ಸಿಕ್ಕಿತು. ಉಳಿದವರಿಗೆ ಜೊತೆಗೆ ಓಡಾಡಿ ದಾರಿ ತೋರಿಸುವ ಒಬ್ಬ ಸಿಬ್ಬಂದಿಯೂ, ತರಬೇತಿ ಪಡೆದ ಕೌನ್ಸೆಲರೂ ಸಿಕ್ಕರು. ಒಂದು ವರ್ಷದ ಹೊತ್ತಿಗೆ ಎಚ್‌ಐವಿ ಮಾತ್ರೆ ತಗೊಳ್ಳುತ್ತಿದ್ದವರು ಮಾಮೂಲಿ ಗುಂಪಿನಲ್ಲಿ ಶೇ 43, ಇನ್ನೊಂದರಲ್ಲಿ ಶೇ 72. ಅಧ್ಯಯನ ಮುಗಿಯುವ ಹೊತ್ತಿಗೆ ಸತ್ತವರು ಮಾಮೂಲಿ ಗುಂಪಿನಲ್ಲಿ ಶೇ 15, ಇನ್ನೊಂದರಲ್ಲಿ ಶೇ 7. ಹೊಸ ಔಷಧಿ ಯಾವುದೂ ಇರಲಿಲ್ಲ. ಇದ್ದದ್ದು ಫಾರಂ ತುಂಬಿಸಿಕೊಟ್ಟ, ಫೋನ್ ಮಾಡಿ ಕರೆದ, ಕೌಂಟರ್ ತನಕ ಜೊತೆಗೆ ಬಂದ ಮನುಷ್ಯರು.

ಭಾರತದಲ್ಲಿ ಚೆನ್ನೈನ ವೈಆರ್‌ಜಿ ಕೇರ್ ಸಂಸ್ಥೆ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಸೇರಿ 22 ಕಡೆ ನಡೆಸಿದ ಪ್ರಯೋಗದ ಫಲಿತಾಂಶ ಅಷ್ಟು ಸಿಹಿಯಾಗಿರಲಿಲ್ಲ. ಎಲ್ಲಾ ಸೇವೆಯೂ ಒಂದೇ ಸೂರಿನಡಿ ಸಿಗುವ ಕೇಂದ್ರಗಳನ್ನು ಮಾಡಿದರು. ಆದರೂ ಆ ಊರುಗಳಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡವರ ಪ್ರಮಾಣದಲ್ಲಿ ಖಚಿತ ಅನ್ನುವಂಥ ವ್ಯತ್ಯಾಸ ಕಾಣಲಿಲ್ಲ. ನನಗನಿಸುವುದು, ಕಟ್ಟಡ ಒಂದೇ ಆದರೆ ಸಾಲದು. ಬೀದಿಯಲ್ಲಿ ಇರುವವನನ್ನು ಆ ಬಾಗಿಲಿನ ತನಕ ಕರೆತರುವವರು ಬೇಕು. ಆ ಕೆಲಸಕ್ಕೆ ಒಂದು ಕಾಲದಲ್ಲಿ ತಾವೇ ಚುಚ್ಚಿಕೊಳ್ಳುತ್ತಿದ್ದ ಪೀರ್ ಎಜುಕೇಟರ್‌ಗಳಿಗಿಂತ ಒಳ್ಳೆಯವರಿಲ್ಲ. ಅವರನ್ನು ತರಬೇತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರಿಸುವ ಬದಲು ಮುಂದೆ ನಿಲ್ಲಿಸಿ ಪಾಠ ಮಾಡಿಸಬೇಕು. ವೈದ್ಯರು ಅವರಿಂದ ಕಲಿಯುವುದು ಬಹಳ ಇದೆ. ಅದಕ್ಕೆ ಅವರಿಗೆ ಸರಿಯಾದ ಸಂಬಳವನ್ನೂ ಕೊಡಬೇಕು, ಬಸ್ ಚಾರ್ಜ್ ಕೊಟ್ಟು ಕಳಿಸುವುದಲ್ಲ.

ಎರಡು ದಿನ ಹೋಟೆಲ್ ಹಾಲಿನಲ್ಲಿ ಕೂರಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸುವ ತರಬೇತಿಯಲ್ಲಿ ನನಗೆ ನಂಬಿಕೆ ಕಡಿಮೆ. ವಾಪಸ್ ಹೋದ ಮೇಲೆ ಮೊದಲ ಕಷ್ಟದ ರೋಗಿ ಎದುರಾದಾಗ ಕೇಳಲು ಯಾರಾದರೂ ಬೇಕಲ್ಲ. ಇದಕ್ಕೊಂದು ಒಳ್ಳೆಯ ದಾರಿ ಎಕೋ ಮಾದರಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಇದನ್ನು ಶುರು ಮಾಡಿದರು, ಅದೂ ಹೆಪಟೈಟಿಸ್ ಸಿ ರೋಗಿಗಳಿಗಾಗಿ. ದೂರದ ಊರಿನ ವೈದ್ಯರು ವಾರಕ್ಕೊಮ್ಮೆ ವಿಡಿಯೋದಲ್ಲಿ ಸೇರುತ್ತಾರೆ, ತಮ್ಮದೇ ಒಂದು ಕೇಸ್ ಮುಂದಿಡುತ್ತಾರೆ, ತಜ್ಞರೂ ಉಳಿದವರೂ ಸೇರಿ ಚರ್ಚೆ ಮಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದೇ ಮಾದರಿಯಲ್ಲಿ ವ್ಯಸನ ಚಿಕಿತ್ಸೆಯನ್ನು ಬೇರೆ ರಾಜ್ಯಗಳ ವೈದ್ಯರಿಗೂ ಕೌನ್ಸೆಲರ್‌ಗಳಿಗೂ ಕಲಿಸುತ್ತಾ ಬಂದಿದೆ. ನಮ್ಮ ಜಿಲ್ಲೆಗಳ ಎಆರ್‌ಟಿ ಕೌನ್ಸೆಲರ್‌ಗಳಿಗೆ ಮೇಷ್ಟ್ರು ಇಷ್ಟು ಹತ್ತಿರದಲ್ಲೇ ಇದ್ದಾರೆ.

ಇನ್ನು ಯಾವ ಕೈಪಿಡಿಯೂ ಬಗೆಹರಿಸದ ತೊಡಕು ಒಂದಿದೆ. ಈ ಕೇಂದ್ರಗಳ ನರ್ಸ್, ಕೌನ್ಸೆಲರ್ ಬಹುತೇಕ ಗುತ್ತಿಗೆಯವರು. ಸ್ವಲ್ಪ ಜಾಸ್ತಿ ಸಂಬಳದ ಕೆಲಸ ಸಿಕ್ಕಿದರೆ ಹೋಗುತ್ತಾರೆ, ಹೋಗಲೇಬೇಕಲ್ಲ. ಹೊಸಬರು ಬರುತ್ತಾರೆ, ಮುಂದಿನ ತರಬೇತಿ ಯಾವಾಗಲೋ. ಅಷ್ಟರೊಳಗೆ ರೋಗಿ ಒಂದು ಸಲ "ನಿನ್ನೆ ಮತ್ತೆ ತಗೊಂಡೆ" ಅಂತ ಹೇಳಿ, ಬೈಸಿಕೊಂಡು ಹೋಗಿರುತ್ತಾನೆ. ಹಾಗಾಗಿ ತರಬೇತಿಗೆ ದುಡ್ಡು ಇಡುವಾಗ ತರಬೇತಿ ಆದವರನ್ನು ಉಳಿಸಿಕೊಳ್ಳುವ ದುಡ್ಡನ್ನೂ ಅದೇ ಲೆಕ್ಕದಲ್ಲಿ ಬರೆಯಬೇಕು. ಹೊಸಬರು ಕುರ್ಚಿಯಲ್ಲಿ ಕೂರುವ ಮುಂಚೆ ಒಂದು ವಾರವಾದರೂ ಹಳಬರ ಪಕ್ಕದಲ್ಲಿ ಕೂತು ನೋಡಬೇಕು.